ವೀಸಾ ಅಂಗಡಿಯಲ್ಲಿ ಕೊಳ್ಳುವ ಸರಕಲ್ಲ

ಪ್ರಶ್ನೆ: ನನಗೆ 27 ವರ್ಷ. ಮಳವಳ್ಳಿ ತಾಲ್ಲೂಕಿನ ಬ್ಲಫ್‌ನವನು. ಅಪ್ಪ ಪವರ್ ಹೌಸ್‌ನಲ್ಲಿ ದುಡಿದು ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟ ಮೇಲೆ ಪಕ್ಕದ ಹಳ್ಳಿಯ ಸ್ವಂತ ಮನೆಯಲ್ಲಿದ್ದೇವೆ. ನಾನು ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದೆ. ಆರು ವರ್ಷದಿಂದ ಮದ್ದೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೇನೆ. ಎಲ್ಲಾ ಕಳೆದು ಕೈಗೆ 18 ಸಾವಿರ ಬರುತ್ತದೆ. ಜೊತೆಯಲ್ಲಿ ಓದಿದ ಇಬ್ಬರು ದುಬೈನಲ್ಲಿದ್ದಾರೆ. ಮೈಸೂರಿನ ಒಬ್ಬ ಏಜೆಂಟ್ 4 ಲಕ್ಷ ಕೊಟ್ಟರೆ ನನ್ನನ್ನೂ ಅಲ್ಲಿಗೆ ಕಳಿಸುತ್ತೇನೆ ಅನ್ನುತ್ತಾನೆ. ತಿಂಗಳಿಗೆ 1,200 ದಿರ್ಹಂ ಸಂಬಳವಂತೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗಬೇಕು, ಕೆಲಸದ ವೀಸಾ ಅಲ್ಲಿ ಮಾಡಿಸಿಕೊಡುತ್ತಾರಂತೆ. ಮುಂಗಡ 20 ಸಾವಿರ ಫೋನ್‌ನಲ್ಲೇ ಹಾಕಿದ್ದೇನೆ, ಪಾಸ್‌ಪೋರ್ಟೂ ಅವನ ಹತ್ತಿರವೇ ಇದೆ. ಉಳಿದ ಹಣಕ್ಕೆ ಅಮ್ಮ ತನ್ನ ತವರಿನ ಪಾಲಿಗೆ ಬಂದ ಒಂದು ಎಕರೆ ಗದ್ದೆ ಆಧಾರ ಮಾಡಿ ಬಡ್ಡಿಗೆ ತರುತ್ತೇನೆ ಅನ್ನುತ್ತಿದ್ದಾರೆ. ನಾನೇ ಆನ್‌ಲೈನ್‌ನಲ್ಲಿ ಬೇರೆ ದೇಶಗಳಿಗೆ ಅರ್ಜಿ ಹಾಕಿ ನೋಡಿದೆ. ವೀಸಾ ಸ್ಪಾನ್ಸರ್ ಮಾಡಬೇಕೇ ಎಂದು ಕೇಳುತ್ತಾರೆ, ಹೌದು ಅಂದರೆ ಉತ್ತರವೇ ಬರುವುದಿಲ್ಲ. ವೀಸಾ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ವೀಸಾ ಇಲ್ಲ ಎಂಬಂತಾಗಿದೆ. ನಾನು ಹೋಗಬೇಕೋ ಬೇಡವೋ? ಹೋಗುವುದಾದರೆ ಸರಿಯಾದ ದಾರಿ ಯಾವುದು?
– ಹೆಸರು ಬೇಡ, ಬ್ಲಫ್

ಉತ್ತರ: ಹೋಗಬೇಕು ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಆರು ವರ್ಷ ಒಂದೇ ಕಡೆ ದುಡಿದರೂ ಗುತ್ತಿಗೆ ನೌಕರನಾಗಿಯೇ ಉಳಿದವನಿಗೆ ಹೊರಗಿನ ದಾರಿ ಕಾಣುವುದು ಸಹಜ. ಆದರೆ ನೀವು ಹೊರಟಿರುವ ಈ ದಾರಿಯಲ್ಲಿ ಹೋಗಬೇಡಿ. ಹೋಗುವ ಆಸೆಯನ್ನೂ ಈ ಏಜೆಂಟನನ್ನೂ ಬೇರೆ ಬೇರೆ ಇಟ್ಟು ಯೋಚಿಸಿದರೆ ನಿಮ್ಮ ಅರ್ಧ ಗೊಂದಲ ಇವತ್ತೇ ತೀರುತ್ತದೆ.

ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಹೊರದೇಶದ ಕೆಲಸದ ವಿಚಾರದಲ್ಲಿ ಯಾರು ಏನು ಹೇಳುತ್ತಾರೆ ಎನ್ನುವುದಕ್ಕಿಂತ, ಹಣ ಯಾರ ಜೇಬಿನಿಂದ ಹೊರಟು ಯಾರ ಜೇಬಿಗೆ ಹೋಗುತ್ತಿದೆ ಎನ್ನುವುದನ್ನು ನೋಡಬೇಕು. ನಿಮ್ಮ ಕೆಲಸ ನಿಜವಾಗಿ ಬೇಕಾದ ಮಾಲೀಕ ನಿಮಗಾಗಿ ಖರ್ಚು ಮಾಡುತ್ತಾನೆ. ಪರ್ಮಿಟ್ಟಿಗೆ ಅರ್ಜಿ ಹಾಕುತ್ತಾನೆ, ಸರ್ಕಾರಕ್ಕೆ ಶುಲ್ಕ ಕಟ್ಟುತ್ತಾನೆ, ಟಿಕೆಟ್ ಕಳಿಸುತ್ತಾನೆ. ಹಣವೆಲ್ಲಾ ನಿಮ್ಮ ಕಡೆಯಿಂದಲೇ ಹೊರಟು ನಡುವಿನವರ ಹತ್ತಿರ ನಿಲ್ಲುತ್ತಿದ್ದರೆ ಅಲ್ಲಿ ಮಾರಾಟವಾಗುತ್ತಿರುವುದು ಕೆಲಸವಲ್ಲ, ನಿಮ್ಮ ಆಸೆ.

ಈ ಮಾತಿಗೆ ಸಾಕ್ಷಿ ಬೇಕಿದ್ದರೆ ನಿಮ್ಮ ಊರೇ ಇದೆ. ಬ್ಲಫ್ ಎಂಬ ಕಾಲೊನಿ ಹುಟ್ಟಿದ್ದು ಶಿವನಸಮುದ್ರದ ವಿದ್ಯುತ್ ಕೇಂದ್ರದ ಜೊತೆಗೆ. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರಕ್ಕೆ 35 ಸಾವಿರ ವೋಲ್ಟಿನಲ್ಲಿ ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡಿದ ಸಾಹಸ. ಅದನ್ನು ಮಾಡುವ ಕೈಗಳು ಆಗ ನಮ್ಮಲ್ಲಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಯೋಜನೆಯನ್ನು ಜೋಲಿ ಡಿ ಲಾಟ್‌ಬಿನಿಯರ್ ಎಂಬ ಕೆನಡಾ ಮೂಲದ ಎಂಜಿನಿಯರ್‌ಗೆ ವಹಿಸಿತು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು, ನೀರಿನ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯಿಂದ. ಆ ಯಂತ್ರಗಳ ಹಿಂದೆ ಬಂದ ಅಮೆರಿಕದ ಎಂಜಿನಿಯರ್ ಎಚ್. ಪಿ. ಗಿಬ್ಸ್ ಮುಂದೆ ಮೈಸೂರು ಸರ್ಕಾರದ ಮುಖ್ಯ ವಿದ್ಯುತ್ ಎಂಜಿನಿಯರ್ ಆಗಿಯೂ ಕೆಲಸ ಮಾಡಿದರು. ಅವರೆಲ್ಲ ನಮ್ಮ ನಾಡಿಗೆ ಬಂದ ಹೊರದೇಶದ ಕೆಲಸಗಾರರೇ. ಇಲ್ಲಿನ ಸರ್ಕಾರಕ್ಕೆ ಅವರ ವಿದ್ಯೆ ಬೇಕಿತ್ತು, ಅದಕ್ಕೆ ಕರೆಸಿಕೊಂಡಿತು. ಮೊದಲು ಒಪ್ಪಂದ, ಆಮೇಲೆ ಹಡಗು. ನೂರಿಪ್ಪತ್ತು ವರ್ಷ ಕಳೆದರೂ ಈ ಕ್ರಮ ಬದಲಾಗಿಲ್ಲ. ನಿಮ್ಮ ಏಜೆಂಟ್ ಹೇಳುತ್ತಿರುವುದು ಇದರ ತದ್ವಿರುದ್ಧ: ಮೊದಲು ವಿಮಾನ ಹತ್ತು, ಒಪ್ಪಂದ ಆಮೇಲೆ ನೋಡೋಣ.

ಬಡ್ಡಿಯ ಲೆಕ್ಕ

ಏಜೆಂಟ್ ಪ್ರಾಮಾಣಿಕನೆಂದೇ ಒಂದು ಕ್ಷಣ ಇಟ್ಟುಕೊಳ್ಳೋಣ. ಹೇಳಿದ ಕೆಲಸ, ಹೇಳಿದ ಸಂಬಳ ಎರಡೂ ಸಿಕ್ಕವು ಅನ್ನಿ. ಆಗಲೂ ಲೆಕ್ಕ ಕೂಡುವುದಿಲ್ಲ. ದಿರ್ಹಮಿಗೆ ಸುಮಾರು 23 ರೂಪಾಯಿ ಎಂದು ಹಿಡಿಯಿರಿ. 1,200 ದಿರ್ಹಂನಲ್ಲಿ ಊಟ, ಫೋನು, ಕೈಖರ್ಚಿಗೆ 500 ಹೋದರೆ ಉಳಿಯುವುದು 700, ಅಂದರೆ 16 ಸಾವಿರ ರೂಪಾಯಿ. ಊರಿನ ಕೈಸಾಲ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಸಿಕ್ಕಿದರೂ ಇನ್ನು ತರಬೇಕಾದ 3 ಲಕ್ಷ 80 ಸಾವಿರಕ್ಕೆ ಮೊದಲ ತಿಂಗಳ ಬಡ್ಡಿಯೇ 7,600. ಉಳಿಸಿದ 16 ಸಾವಿರವನ್ನೂ ಒಂದು ಪೈಸೆ ಬಿಡದೆ ಪ್ರತಿ ತಿಂಗಳೂ ಸಾಲಕ್ಕೆ ಕಟ್ಟಿದರೆ ಋಣ ತೀರಲು ಮೂವತ್ತಮೂರು ತಿಂಗಳು ಬೇಕು. ಇಂಥ ಕೆಲಸಗಳ ಕರಾರು ಸಾಮಾನ್ಯವಾಗಿ ಎರಡು ವರ್ಷದ್ದು. ಕರಾರು ಮುಗಿದು ಊರಿಗೆ ಬರುವ ಹೊತ್ತಿಗೆ ಇನ್ನೂ 1 ಲಕ್ಷ 20 ಸಾವಿರದ ಮೇಲೆ ಸಾಲ ನಿಂತಿರುತ್ತದೆ. ಆ ಎರಡು ವರ್ಷ ಮನೆಗೆ ಒಂದು ರೂಪಾಯಿಯನ್ನೂ ಕಳಿಸಿರುವುದಿಲ್ಲ. ಇಲ್ಲಿನ 18 ಸಾವಿರ ಬಿಟ್ಟು ಹೋಗಿದ್ದಕ್ಕೆ ಸಿಕ್ಕಿದ್ದು ಇಷ್ಟು. ಇದು ಎಲ್ಲವೂ ಸರಿಯಾಗಿ ನಡೆದಾಗಿನ ಮಾತು. ಅಲ್ಲಿ ಹೋದ ಮೇಲೆ ಕೆಲಸವೇ ಇಲ್ಲ ಎಂದಾದರೆ ಗದ್ದೆಯ ಗತಿ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಈ ಲೆಕ್ಕವನ್ನು ನಿಮ್ಮ ತಾಯಿಯ ಮುಂದೆ ಕೂತು ಒಂದು ಹಾಳೆಯ ಮೇಲೆ ಬರೆದು ತೋರಿಸಿ. ಮಗನಿಗಾಗಿ ತವರಿನ ಪಾಲನ್ನೇ ಆಧಾರ ಮಾಡಲು ಹೊರಟವರಿಗೆ ‘ಬೇಡಮ್ಮ’ ಎಂದರಷ್ಟೇ ಸಾಲದು. ಯಾಕೆ ಬೇಡ ಎಂದು ಅವರಿಗೂ ತಿಳಿಯಬೇಕು.

ವಿಸಿಟ್ ವೀಸಾ ಎಂಬ ಬಲೆ

ವಿಸಿಟ್ ವೀಸಾ ಇರುವುದು ನೋಡಿ ಬರಲು. ಅದರಲ್ಲಿ ದುಡಿಯುವುದು ದುಬೈ ಇರುವ ಯುನೈಟೆಡ್ ಅರಬ್ ಎಮಿರೇಟ್ಸ್‌ನಲ್ಲಿ ಕಾನೂನುಬಾಹಿರ. 2024ರಲ್ಲಿ ಆ ದೇಶ ತನ್ನ ಕಾರ್ಮಿಕ ಕಾಯ್ದೆಗೆ ತಿದ್ದುಪಡಿ ತಂದು, ಪರ್ಮಿಟ್ ಇಲ್ಲದವರಿಂದ ಕೆಲಸ ಮಾಡಿಸುವ ಮಾಲೀಕನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಹಾಕಬಹುದು ಎಂದು ಮಾಡಿದೆ. ಅಷ್ಟು ದಂಡಕ್ಕೆ ಹೆದರದೆ ನಿಮ್ಮನ್ನು ಇಟ್ಟುಕೊಳ್ಳುವ ಮಾಲೀಕ ಎಂಥವನು ಎಂದು ಯೋಚಿಸಿ. ಸಂಬಳ ಕೊಡದಿದ್ದರೆ ನೀವು ದೂರು ಕೊಡಲಾರಿರಿ, ಯಾಕೆಂದರೆ ದಾಖಲೆಯ ಪ್ರಕಾರ ನೀವು ಅವನ ಕೆಲಸಗಾರರೇ ಅಲ್ಲ.

ಅಲ್ಲಿ ಕ್ರಮಬದ್ಧವಾಗಿ ಕೆಲಸಕ್ಕೆ ಹೋಗುವವರ ದಾರಿ ಬೇರೆ. ಮಾಲೀಕ ಮೊದಲು ಅಲ್ಲಿನ ಕಾರ್ಮಿಕ ಸಚಿವಾಲಯದ ಮೂಲಕ ಆಫರ್ ಲೆಟರ್ ಕಳಿಸುತ್ತಾನೆ. ಅದರಲ್ಲಿ ಹುದ್ದೆ, ಮೂಲ ವೇತನ, ಭತ್ಯೆ, ಕೆಲಸದ ಅವಧಿ ಎಲ್ಲಾ ಇರುತ್ತದೆ. ಅರಬ್ಬಿ, ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ಮಲಯಾಳಂ ಭಾಷೆಗಳಲ್ಲೂ ಅದನ್ನು ಕೊಡುವ ವ್ಯವಸ್ಥೆ ಇದೆ. ನೀವು ಓದಿ ಸಹಿ ಮಾಡಿದ ಮೇಲೆ ಪ್ರವೇಶ ಪರವಾನಗಿ, ಅಲ್ಲಿಗೆ ಹೋದ ಮೇಲೆ ವೈದ್ಯಕೀಯ ತಪಾಸಣೆ, ಗುರುತಿನ ಚೀಟಿ, ವಾಸದ ವೀಸಾ. ಆಫರ್ ಲೆಟರಿನ ಸಂಖ್ಯೆ ಹಾಕಿ ಅದು ನಿಜವೋ ನಕಲಿಯೋ ಎಂದು ಆ ಸಚಿವಾಲಯದ ಜಾಲತಾಣದಲ್ಲೇ ನೋಡಬಹುದು. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಬಾರದು ಎಂದು ಆ ದೇಶದ 2021ರ ಕಾರ್ಮಿಕ ಕಾನೂನೇ ಹೇಳುತ್ತದೆ. ಹಾಗಾದರೆ ನಿಮ್ಮ ಹತ್ತಿರ ಕೇಳುತ್ತಿರುವ 4 ಲಕ್ಷ ಯಾವ ಬಾಬ್ತು? ಏಜೆಂಟನಿಗೆ ಇದೊಂದೇ ಪ್ರಶ್ನೆ ಕೇಳಿ ನೋಡಿ.

‘ಫ್ರೀ ವೀಸಾ’ ಎಂಬ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಒಬ್ಬ ಅರಬನ ಹೆಸರಿನಲ್ಲಿ ವೀಸಾ ಮಾಡಿಸಿ, ಅಲ್ಲಿಗೆ ಹೋಗಿ ಎಲ್ಲಿ ಬೇಕಾದರೂ ಕೆಲಸ ಹುಡುಕಿಕೋ ಎನ್ನುವ ವ್ಯವಹಾರ ಅದು. ವೀಸಾದಲ್ಲಿರುವ ಮಾಲೀಕನನ್ನು ಬಿಟ್ಟು ಅನುಮತಿಯಿಲ್ಲದೆ ಬೇರೆ ಕಡೆ ದುಡಿಯುವುದೂ ಅಪರಾಧವೇ.

ಭಟ್ಕಳ, ಕುಂದಾಪುರ, ಮಂಗಳೂರಿನ ಹುಡುಗರು ಗಲ್ಫಿಗೆ ಹೋಗುವಾಗ ಅಲ್ಲಿ ಚಿಕ್ಕಪ್ಪನೋ ಭಾವನೋ ಮೊದಲೇ ಇರುತ್ತಾರೆ. ಕಂಪನಿ ಎಂಥದ್ದು, ಕೋಣೆ ಹೇಗಿದೆ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆಯೇ ಎಂದು ಹೇಳುವವರಿದ್ದಾರೆ. ನಮ್ಮ ಮಂಡ್ಯದ ಕಡೆ ದುಡಿಯಲು ಹೊರಗೆ ಹೋಗುವುದೆಂದರೆ ಬೆಂಗಳೂರು, ಹೆಚ್ಚೆಂದರೆ ಮುಂಬೈ. ಆ ನಂಟಿನ ಜಾಗದಲ್ಲಿ ನಮಗೆ ಏಜೆಂಟ್ ಬಂದು ಕೂರುತ್ತಾನೆ. ನಿಮ್ಮ ಇಬ್ಬರು ಗೆಳೆಯರು ದುಬೈನಲ್ಲಿದ್ದಾರಲ್ಲ, ಅವರನ್ನು ಕೇಳಿ. ಅವರು ಹಾಕುವ ಫೋಟೊ ನೋಡಿದರೆ ಸಾಲದು. ಒಬ್ಬರೊಬ್ಬರನ್ನೇ ಕರೆದು, ಎಷ್ಟು ಕೊಟ್ಟು ಹೋದೆ, ಕೈಗೆ ಎಷ್ಟು ಬರುತ್ತದೆ, ಸಾಲ ತೀರಿತೇ, ನಿನ್ನ ಪಾಸ್‌ಪೋರ್ಟ್ ಯಾರ ಹತ್ತಿರ ಇದೆ ಎಂದು ವಿಚಾರಿಸಿ. ಫೋಟೊದಲ್ಲಿ ಇಲ್ಲದ ಸಂಗತಿ ಆಗ ಹೊರಗೆ ಬರುತ್ತದೆ.

ಕೆಟ್ಟರೆ ಎಲ್ಲಿಯವರೆಗೆ ಕೆಡಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಗಳಿವೆ. ಸೆಕ್ಯುರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಗಡಿಯ ಯುದ್ಧದ ಪಾಲಾದ ಸುದ್ದಿ 2024ರ ಆರಂಭದಲ್ಲಿ ಬಂತು. ಅವರು ಜೀವ ಉಳಿಸಿಕೊಂಡು ಊರು ಸೇರಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಹೇಳಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಅಡ್ಡೆಗಳಿಗೆ ಸಾಗಿಸಿದ್ದ ನೂರಾರು ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತರಬೇಕಾಯಿತು. ಹೇಳಿದ ಕೆಲಸ ಒಂದು, ಮಾಡಿಸಿದ್ದು ಇನ್ನೊಂದು. ಕೈಯಲ್ಲಿ ಪರಿಶೀಲಿಸಿದ ಕರಾರು ಇಲ್ಲದಿದ್ದಾಗ ಇದಕ್ಕೆಲ್ಲ ಅವಕಾಶವಾಗುತ್ತದೆ.

ಮೊದಲು ಮಾಡಬೇಕಾದ್ದು

ಏಜೆಂಟನ ಹತ್ತಿರ ಇರುವ ಪಾಸ್‌ಪೋರ್ಟನ್ನು ಈ ವಾರವೇ ವಾಪಸ್ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ನಿಮ್ಮ ಹೆಸರಿನಲ್ಲಿದ್ದರೂ ಕಾನೂನಿನ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಅಡವಿನಂತೆ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಜಗಳ ಬೇಡ. ಬೇರೆ ಕೆಲಸಕ್ಕೆ ಬೇಕಾಗಿದೆ ಎಂದು ಹೇಳಿ, ಜೊತೆಗೆ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ತನ್ನಿ.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಅವನ ಪರವಾನಗಿ ಸಂಖ್ಯೆ ಕೇಳಿ. ಭಾರತದಿಂದ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಲೇಬೇಕು. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದಲ್ಲಿದೆ. ಹೆಸರು, ವಿಳಾಸ, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದೆಲ್ಲಾ ಅಲ್ಲಿ ಸಿಗುತ್ತದೆ. ‘ನಾನು ಮುಂಬೈನ ದೊಡ್ಡ ಕಂಪನಿಯ ಸಬ್ ಏಜೆಂಟ್’ ಎಂದರೆ ಒಪ್ಪಬೇಡಿ. ಸಬ್ ಏಜೆಂಟ್ ಎಂಬುವನಿಗೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲ. ನೋಂದಾಯಿತ ಏಜೆಂಟ್ ಕೂಡ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. 30 ಸಾವಿರ ಎಲ್ಲಿ, 4 ಲಕ್ಷ ಎಲ್ಲಿ!

ಅವನಿಗೆ ಪರವಾನಗಿ ಇಲ್ಲವೆಂದು ಗೊತ್ತಾದರೆ ಮುಂಗಡ ವಾಪಸ್ ಕೇಳಿ. ಕೊಡದಿದ್ದರೆ ಬೆಳಕವಾಡಿಯಲ್ಲೋ ಮೈಸೂರಿನಲ್ಲೋ, ಯಾವ ಪೊಲೀಸ್ ಠಾಣೆಯಲ್ಲಾದರೂ ಲಿಖಿತ ದೂರು ಕೊಡಿ. ಫೋನ್‌ನಲ್ಲಿ ಹಣ ಹಾಕಿದ್ದೀರಿ, ಹಾಗಾಗಿ ದಾಖಲೆ ಇದೆ. ಆ ವಹಿವಾಟಿನ ವಿವರ, ಅವನು ಕಳಿಸಿದ ವಾಟ್ಸ್ಆ್ಯಪ್ ಸಂದೇಶ, ಧ್ವನಿಮುದ್ರಣ ಯಾವುದನ್ನೂ ಅಳಿಸಬೇಡಿ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿ ಇದೆ, ಅಕ್ರಮ ಏಜೆಂಟರ ಬಗ್ಗೆ ಅಲ್ಲಿಗೂ ದೂರು ಸಲ್ಲಿಸಬಹುದು. ಹೋದ 20 ಸಾವಿರದ ಆಸೆಗೆ ಉಳಿದ 3 ಲಕ್ಷ 80 ಸಾವಿರವನ್ನೂ ಸುರಿಯುವ ತಪ್ಪನ್ನು ಮಾತ್ರ ಮಾಡಬೇಡಿ. ಬಹಳ ಜನ ಮುಳುಗುವುದು ಇಲ್ಲಿಯೇ.

ನಿಮ್ಮ ಅರ್ಜಿಗೆ ಉತ್ತರ ಯಾಕೆ ಬರಲಿಲ್ಲ

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಸ್ಪಾನ್ಸರ್ ಬೇಕು ಎಂದ ಕೂಡಲೇ ಅರ್ಜಿ ಮೂಲೆ ಸೇರುವುದು ನಿಮ್ಮೊಬ್ಬರ ಅನುಭವವಲ್ಲ. ಇಂಗ್ಲಿಷ್ ಚೆನ್ನಾಗಿ ಬರುವ ಎಂಜಿನಿಯರುಗಳದೂ ಇದೇ ಪಾಡು. ಹೊರಗಿನವರನ್ನು ತೆಗೆದುಕೊಳ್ಳಲು ಮಾಲೀಕನಿಗೆ ಖರ್ಚಿದೆ, ಕಾಯುವಿಕೆ ಇದೆ, ಸರ್ಕಾರದ ತಪಾಸಣೆ ಇದೆ. ಕೆನಡಾದಲ್ಲಿ ಬಹುತೇಕ ಇಂಥ ಕೆಲಸಗಳಿಗೆ ಸ್ಥಳೀಯರು ಯಾರೂ ಸಿಗಲಿಲ್ಲ ಎಂದು ಮಾಲೀಕ ಮೊದಲು ಸರ್ಕಾರಕ್ಕೆ ತೋರಿಸಬೇಕು. ಎಲ್‌ಎಂಐಎ ಎನ್ನುವ ಆ ಅನುಮತಿಗೆ ಒಂದು ಹುದ್ದೆಗೆ 1,000 ಕೆನಡಿಯನ್ ಡಾಲರ್ ಶುಲ್ಕ. ಅದನ್ನು ಮಾಲೀಕನೇ ಕಟ್ಟಬೇಕು, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಈ ಅನುಮತಿ ಪತ್ರಗಳನ್ನೇ ಲಕ್ಷಗಟ್ಟಲೆ ಹಣಕ್ಕೆ ಮಾರುವ ದಂಧೆ ಬೆಳೆದದ್ದರಿಂದ, ಕಾಯಂ ವಾಸಕ್ಕೆ ಅಂಕಗಳ ಮೇಲೆ ಜನರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಅದಕ್ಕೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು ಕೆನಡಾ 2025ರ ಮಾರ್ಚಿನಲ್ಲಿ ತೆಗೆದುಹಾಕಿತು. ಬ್ರಿಟನ್ನಿನಲ್ಲಿ ಸ್ಪಾನ್ಸರ್ ಮಾಡಲು ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ ಅವಕಾಶ. ಆ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ. 2025ರ ಜುಲೈನಿಂದ ಅಲ್ಲಿ ಹೆಚ್ಚಿನ ಹುದ್ದೆಗಳಿಗೆ ಪದವಿ ಮಟ್ಟದ ಅರ್ಹತೆ ಕೇಳುತ್ತಿದ್ದಾರೆ, ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು ನಿಲ್ಲಿಸಿದ್ದಾರೆ. ‘ಲಂಡನ್‌ನಲ್ಲಿ ಕೇರ್ ವೀಸಾ ರೆಡಿ’ ಎಂದು ಯಾರಾದರೂ ಈಗಲೂ ಹೇಳಿದರೆ ಅದು ಸುಳ್ಳು.

ಅರ್ಜಿಯಲ್ಲಿ ಸ್ಪಾನ್ಸರ್ ಬೇಡ ಎಂದು ಬರೆಯಬೇಡಿ, ಅದು ಮುಂದೆ ವೀಸಾ ತಿರಸ್ಕಾರಕ್ಕೆ ಕಾರಣವಾಗಬಹುದು. ಬದಲಾಗಬೇಕಾದದ್ದು ಹುಡುಕುವ ಕ್ರಮ. ಸಿಕ್ಕ ಸಿಕ್ಕ ಜಾಹೀರಾತಿಗೆಲ್ಲಾ ಅರ್ಜಿ ಹಾಕುವ ಬದಲು, ಎಲೆಕ್ಟ್ರಿಷಿಯನ್‌ಗಳ ಕೊರತೆ ಇರುವ ದೇಶ ಯಾವುದು, ಅಲ್ಲಿ ಹೊರಗಿನವರನ್ನು ಈಗಾಗಲೇ ಕರೆಸಿಕೊಂಡು ಗೊತ್ತಿರುವ ಮಾಲೀಕರು ಯಾರು, ನಿಮ್ಮ ಐಟಿಐ ಪ್ರಮಾಣಪತ್ರವನ್ನು ಆ ದೇಶ ಒಪ್ಪುತ್ತದೆಯೇ, ಯಾವ ಭಾಷೆ ಎಷ್ಟು ಬರಬೇಕು ಎಂದು ಹಿಂದಿನಿಂದ ಮುಂದಕ್ಕೆ ಬನ್ನಿ.

ನಿಮಗೆ ತೆರೆದಿರುವ ಬಾಗಿಲುಗಳು

ಮೊದಲನೆಯದು ಜರ್ಮನಿ. ನುರಿತ ಭಾರತೀಯರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಆ ದೇಶ 2024ರ ಅಕ್ಟೋಬರಿನಲ್ಲಿ ಹೇಳಿತು. ಅದೇ ವರ್ಷದ ಜೂನ್ 1ರಿಂದ ಅಲ್ಲಿ ‘ಅವಕಾಶ ಕಾರ್ಡ್’ ಜಾರಿಯಲ್ಲಿದೆ. ಜರ್ಮನ್ ಭಾಷೆಯಲ್ಲಿ ಇದನ್ನು ಶಾನ್ಸೆನ್‌ಕಾರ್ಟೆ ಎನ್ನುತ್ತಾರೆ. ಕೆಲಸ ಕೈಯಲ್ಲಿಲ್ಲದೆಯೂ ಹೋಗಿ ಒಂದು ವರ್ಷದವರೆಗೆ ಕಾನೂನುಬದ್ಧವಾಗಿ ಕೆಲಸ ಹುಡುಕಲು, ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಅದು ಅವಕಾಶ ಕೊಡುತ್ತದೆ. ಕನಿಷ್ಠ ಎರಡು ವರ್ಷದ, ತನ್ನ ದೇಶದ ಸರ್ಕಾರ ಮಾನ್ಯ ಮಾಡಿದ ವೃತ್ತಿ ತರಬೇತಿ ಇರಬೇಕು. ನಿಮ್ಮ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದೇ. ಜೊತೆಗೆ 6 ಅಂಕ ಬೇಕು. 35 ವರ್ಷ ಮೀರದವರಿಗೆ 2 ಅಂಕ. ಕಳೆದ ಏಳು ವರ್ಷದಲ್ಲಿ ಐದು ವರ್ಷ ಅದೇ ವೃತ್ತಿಯಲ್ಲಿ ದುಡಿದಿದ್ದರೆ 3 ಅಂಕ. ಜರ್ಮನ್ ಭಾಷೆ ಎ2 ಮಟ್ಟ ದಾಟಿದ್ದರೆ 1 ಅಂಕ. ಅಲ್ಲಿಗೆ 6 ಆಯಿತು. ನಿಮ್ಮ ತರಬೇತಿ ಈ ಲೆಕ್ಕಕ್ಕೆ ಬರುತ್ತದೆ ಎಂದು ಜರ್ಮನಿಯ ಸಂಬಂಧಪಟ್ಟ ಸಂಸ್ಥೆಯಿಂದ ದೃಢಪಡಿಸಿಕೊಳ್ಳಬೇಕು, ಅದು ಬೇರೆ ಕೆಲಸ.

ಆದರೆ ತೊಡಕೂ ಇದೆ. ಒಂದು ವರ್ಷ ಅಲ್ಲಿ ಬದುಕಲು ಬೇಕಾದ ಹಣ ಇದೆ ಎಂದು ತೋರಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೊ, ವರ್ಷಕ್ಕೆ 13 ಸಾವಿರ ಯೂರೊ ಮೀರುತ್ತದೆ. ನಿಮ್ಮ ಮನೆಯ ಶಕ್ತಿಗೆ ಅದು ದೊಡ್ಡ ಮೊತ್ತ. ಹಾಗಾಗಿ ಭಾಷೆಯನ್ನು ಇಲ್ಲೇ ಬಿ1 ಮಟ್ಟದವರೆಗೆ ಕಲಿತು, ಪ್ರಮಾಣಪತ್ರದ ಮಾನ್ಯತೆ ಪಡೆದು, ಕೆಲಸದ ಕರಾರು ಕೈಯಲ್ಲಿ ಹಿಡಿದು ಹೋಗುವ ದಾರಿ ನಿಮಗೆ ಹೆಚ್ಚು ಸರಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಸುತ್ತಾರೆ, ಪರೀಕ್ಷೆಯೂ ನಡೆಯುತ್ತದೆ. ಕೆಲಸದ ಜೊತೆ ಕಲಿತರೆ ಬಿ1ಗೆ ಒಂದು ವರ್ಷದ ಮೇಲೆ ಹಿಡಿಯಬಹುದು. ಏಜೆಂಟನಿಗೆ ಸುರಿಯುವ 4 ಲಕ್ಷದ ಒಂದು ಭಾಗದಲ್ಲಿ ಭಾಷೆ ಬರುತ್ತದೆ. ಬಂದ ಭಾಷೆಯನ್ನು ಯಾರೂ ಕಿತ್ತುಕೊಳ್ಳಲಾರರು.

ಎರಡನೆಯದು ಜಪಾನ್. ನಿರ್ದಿಷ್ಟ ಕೌಶಲ್ಯದ ಕೆಲಸಗಾರರನ್ನು ಕಳಿಸುವ ಬಗ್ಗೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡವು. ಕಟ್ಟಡ ನಿರ್ಮಾಣವೂ ಆ ಪಟ್ಟಿಯಲ್ಲಿದೆ. ಜಪಾನಿ ಭಾಷೆಯ ಎನ್4 ಪರೀಕ್ಷೆ ಅಥವಾ ಅದಕ್ಕೆ ಸಮನಾದ ಮೂಲ ಪರೀಕ್ಷೆ ಮತ್ತು ಕೌಶಲ್ಯ ಪರೀಕ್ಷೆ ಪಾಸಾಗಬೇಕು. ಅದೇ ಕೆಲಸ ಮಾಡುವ ಜಪಾನಿಗೆ ಸಿಗುವಷ್ಟು ಸಂಬಳ ಕೊಡಬೇಕು ಎಂಬ ನಿಯಮವಿದೆ. ಈ ವರ್ಗದ ಮೊದಲ ಹಂತದಲ್ಲಿ ಐದು ವರ್ಷದವರೆಗೆ ಇರಬಹುದು, ಕುಟುಂಬವನ್ನು ಕರೆದೊಯ್ಯಲು ಆಗುವುದಿಲ್ಲ.

ಮೂರನೆಯ ದಾರಿಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ನಿಮಗೆ ಹತ್ತಿರದ್ದು ಅದೇ ಎಂದು ನನ್ನ ಅನಿಸಿಕೆ. ಎಲ್ ಅಂಡ್ ಟಿ, ಕೆಇಸಿ ಇಂಟರ್‌ನ್ಯಾಷನಲ್‌ನಂಥ ನಮ್ಮ ದೇಶದ ಕಂಪನಿಗಳು ಗಲ್ಫ್ ದೇಶಗಳಲ್ಲಿ ಸಬ್‌ಸ್ಟೇಷನ್, ಟ್ರಾನ್ಸ್‌ಮಿಷನ್ ಲೈನ್ ಕಾಮಗಾರಿ ಮಾಡುತ್ತವೆ. ಇಲ್ಲಿನ ಯೋಜನೆಗಳಲ್ಲಿ ಒಂದೆರಡು ವರ್ಷ ದುಡಿದು ಕೈ ಪಳಗಿದವರಿಗೆ ಅಲ್ಲಿನ ಸೈಟುಗಳ ಬಾಗಿಲೂ ತೆರೆಯುತ್ತದೆ. ಅಂಥ ಕಡೆ ಪರ್ಮಿಟ್ಟು, ಟಿಕೆಟ್ಟು, ವಾಸ್ತವ್ಯ ಕಂಪನಿಯ ಹೊಣೆ. ಇದಕ್ಕೆ ಕಾರ್ಖಾನೆಯ ಮೋಟಾರು, ಪ್ಯಾನೆಲ್ಲು ನೋಡಿಕೊಂಡ ಅನುಭವ ಮಾತ್ರ ಸಾಲದು. ಹೈಟೆನ್ಷನ್ ಕೆಲಸ ಗೊತ್ತಿರಬೇಕು. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರ್ಮಿಟ್ ನಿಮ್ಮ ಹತ್ತಿರ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ, ಅರ್ಹತೆ ಬಂದ ಕೂಡಲೇ ಸೂಪರ್‌ವೈಸರ್ ಪರ್ಮಿಟ್ಟಿಗೂ ಪ್ರಯತ್ನಿಸಿ. ನಿಮ್ಮ ತಂದೆ ಪವರ್ ಹೌಸ್‌ನಲ್ಲಿ ಜೀವಮಾನ ಕಳೆದವರು. ಸ್ವಿಚ್‌ಯಾರ್ಡ್ ಬಗ್ಗೆ ಅವರಿಂದ ಕಲಿಯಲು ಸಾಕಷ್ಟಿದೆ, ಹೊರಗೆ ದುಡ್ಡು ಕೊಟ್ಟರೂ ಸಿಗದ ಪಾಠ ಅದು.

ಸರ್ಕಾರದ ಸಹಾಯವೂ ಇದೆ. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ನಡೆಯುತ್ತಿದೆ. ಹೊರದೇಶದ ಮಾಲೀಕರೊಂದಿಗೆ ಮಾತಾಡಿ ನಮ್ಮ ರಾಜ್ಯದ ನರ್ಸುಗಳು, ಕುಶಲ ಕಾರ್ಮಿಕರನ್ನು ಕಳಿಸುವುದು ಅದರ ಕೆಲಸ. ಅಲ್ಲಿ ಹೆಸರು ನೋಂದಾಯಿಸಿ. ಕೂಡಲೇ ಕೆಲಸ ಸಿಗುತ್ತದೆಂಬ ಭರವಸೆ ನಾನು ಕೊಡುವುದಿಲ್ಲ. ಕೇಳಿದ ಪ್ರಶ್ನೆಗೆ ದುಡ್ಡು ತೆಗೆದುಕೊಳ್ಳದೆ ಉತ್ತರ ಹೇಳುವ ಜಾಗ ಅದು, ಅಷ್ಟಂತೂ ಖಂಡಿತ.

ಓದಿನ ದಾಖಲೆಯ ಬಗ್ಗೆ ಒಂದು ಮಾತು

ನೀವು ಎಸ್ಸೆಸ್ಸೆಲ್ಸಿ ಪಾಸಾದವರು, ಹಾಗಾಗಿ ನಿಮ್ಮ ಪಾಸ್‌ಪೋರ್ಟ್ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದ ವರ್ಗದ್ದಲ್ಲ. ಇದನ್ನು ಓದುತ್ತಿರುವ, ಹತ್ತನೇ ತರಗತಿ ದಾಟದ ಅಣ್ಣತಮ್ಮಂದಿರು, ಅಕ್ಕತಂಗಿಯರು ಗಮನಿಸಬೇಕು. ಅವರು ಗಲ್ಫ್ ದೇಶಗಳೂ ಮಲೇಷ್ಯಾ, ಥಾಯ್ಲೆಂಡ್ ಮುಂತಾದವೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಇದು ತೊಂದರೆ ಕೊಡಲು ಮಾಡಿದ ನಿಯಮವಲ್ಲ. ಅನುಮತಿ ಕೊಡುವ ಮೊದಲು ಕರಾರು ತಪಾಸಣೆಯಾಗುತ್ತದೆ, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಸಿಗುತ್ತದೆ. ಎರಡು ವರ್ಷಕ್ಕೆ ಅದರ ಕಂತು ತೆರಿಗೆ ಬಿಟ್ಟು 275 ರೂಪಾಯಿ. ವಿಸಿಟ್ ವೀಸಾದಲ್ಲಿ ಹೋದರೆ ಈ ತಪಾಸಣೆ, ಈ ವಿಮೆ ಎರಡೂ ತಪ್ಪಿಹೋಗುತ್ತವೆ. ಏಜೆಂಟರು ಆ ದಾರಿ ತೋರಿಸುವುದೇ ತಪಾಸಣೆ ತಪ್ಪಿಸಲು.

ಹೊರಡುವ ದಿನ ಬಂದಾಗ ನಿಮ್ಮ ಕೈಯಲ್ಲಿ ನೀವೇ ಓದಿ ಸಹಿ ಮಾಡಿದ ಕರಾರಿನ ಪ್ರತಿ, ಕೆಲಸದ ವೀಸಾ, ಮಾಲೀಕನ ವಿಳಾಸ ಇರಬೇಕು. ಇವೆಲ್ಲದರ ಫೋಟೊ ಮನೆಯಲ್ಲೊಬ್ಬರ ಫೋನಿನಲ್ಲೂ ಇರಬೇಕು. ವಲಸೆ ಹೋಗುವವರಿಗೆ ಸರ್ಕಾರ ಒಂದು ದಿನದ ಉಚಿತ ಪೂರ್ವಸಿದ್ಧತಾ ತರಬೇತಿ ಕೊಡುತ್ತದೆ, ತಪ್ಪಿಸಬೇಡಿ. ಅಲ್ಲಿ ಹೋದ ಮೇಲೆ ಸಂಬಳ ನಿಂತರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ, ಭಾರತೀಯ ರಾಯಭಾರ ಕಚೇರಿಗೂ ‘ಮದದ್’ ಎಂಬ ಸರ್ಕಾರಿ ಜಾಲತಾಣಕ್ಕೂ ದೂರು ಕೊಡಬಹುದು. ಕಷ್ಟಕ್ಕೆ ಸಿಕ್ಕಿದವರ ನೆರವಿಗೆ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ.

ನನ್ನ ತೀರ್ಪು

ನೀವು ಹೋಗಬಹುದು, ಆದರೆ ಈ ವರ್ಷವಲ್ಲ, ಈ ಏಜೆಂಟನ ಮೂಲಕ ಅಲ್ಲ, ಅಮ್ಮನ ಗದ್ದೆಯ ಮೇಲಂತೂ ಅಲ್ಲವೇ ಅಲ್ಲ. 27 ವಯಸ್ಸಾಯಿತು, ಕಾಲ ಮೀರಿತು ಎಂಬ ಆತಂಕ ಬೇಡ. ಜರ್ಮನಿಯ ಅಂಕದ ಲೆಕ್ಕದಲ್ಲಿ ನಿಮಗಿನ್ನೂ ಎಂಟು ವರ್ಷವಿದೆ. ಪಾಸ್‌ಪೋರ್ಟ್ ವಾಪಸ್ ತನ್ನಿ. ಕಾರ್ಖಾನೆಯಿಂದ ಆರು ವರ್ಷದ ಅನುಭವದ ಪತ್ರವನ್ನು ಈಗಲೇ ಬರೆಸಿಕೊಳ್ಳಿ. ಗುತ್ತಿಗೆದಾರ ಬದಲಾದರೆ ಅದನ್ನು ಕೊಡುವವರೇ ಇರುವುದಿಲ್ಲ. ಪಿಎಫ್ ದಾಖಲೆ, ಸಂಬಳದ ಚೀಟಿ ಜೋಡಿಸಿಡಿ. ವೈರ್‌ಮನ್ ಪರ್ಮಿಟ್ ಮಾಡಿಸಿ. ಒಂದು ದೇಶ ಆರಿಸಿಕೊಂಡು ಅದರ ಭಾಷೆ ಶುರುಮಾಡಿ. ನಡುವೆ ಇಲ್ಲೇ ಹೆಚ್ಚು ಸಂಬಳದ ಖಾಯಂ ಕೆಲಸ ಸಿಕ್ಕಿ ಹೋಗುವ ಮನಸ್ಸೇ ಬದಲಾದರೆ, ಅದನ್ನು ಸೋಲು ಎಂದುಕೊಳ್ಳಬೇಡಿ.

ಊರಿನ ಉಳಿದ ಹುಡುಗರಿಗೂ ಈ ಮಾತು ಮುಟ್ಟಿಸಿ: ಇ-ಮೈಗ್ರೇಟ್ ಪಟ್ಟಿಯಲ್ಲಿ ಹೆಸರಿಲ್ಲದ ಏಜೆಂಟನಿಗೆ, ಕರಾರು ಕೈಗೆ ಬಾರದ ಕೆಲಸಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈಗಾಗಲೇ ಆನ್‌ಲೈನ್‌ನಲ್ಲಿ ಹಣ ಹಾಕಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.